ಬರೆಯದೆ ಬಿಟ್ಟ ತಾರೀಖು

ಗೆದ್ದದ್ದು ಮೈನಾ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಮುಂದಿನ ಮಾತುಗಳಲ್ಲಿ ಇದು ಕರಗಿಹೋಗಬಾರದು.
ಗಾಡಿಕೊಪ್ಪದಾಚೆ, ಇಟ್ಟಿಗೆಗೂಡಿನ ಪಕ್ಕದ ಬಯಲಲ್ಲಿ
ಫೆಬ್ರವರಿಯ ಒಣಬಿಸಿಲು, ಸುಣ್ಣದ ಗೆರೆ.
ಮೂಗಿನುದ್ದವಲ್ಲ, ಒಂದಿಡೀ ಮೈಯುದ್ದ ಮುಂದಾಗಿ
ಆ ಕಂದು ಹೆಣ್ಣುಕುದುರೆ ಗೆರೆ ದಾಟಿತು.
ಕಣ್ಣಿದ್ದವರೆಲ್ಲ ಕಂಡರು.

ಏಳು ವಾರದ ಮೇಲೆ ಕಾಗದ ಬಂತು:
ಗೆದ್ದಿಲ್ಲ.

ಮೂತ್ರದಲ್ಲಿ ಏನೋ ಸಿಕ್ಕಿತಂತೆ,
ಸಾಸಿವೆಯ ಸಾವಿರದಲ್ಲೊಂದು ಪಾಲು,
ನೋವು ಮರೆಸುವ ಮದ್ದು.
ಅಷ್ಟರಲ್ಲಿ ಗೆದ್ದ ಕಪ್ ಕುಬೇರಪ್ಪನವರ ಲಾಯದಲ್ಲಿ
ಹುರುಳಿ ಅಳೆಯುವ ಸೇರಾಗಿತ್ತು.
ಸವಾರ ಹುಡುಗ ಜಬೀ ತನ್ನ ಪಾಲಿನ ದುಡ್ಡಲ್ಲಿ
ತಂಗಿಗೆ ದಪ್ಪ ಗಾಜಿನ ಕನ್ನಡಕ ಕೊಡಿಸಿದ್ದ.
ಅವಳೀಗ ಕೊನೆಯ ಬೆಂಚಿಂದಲೂ ಹಲಗೆ ಓದುತ್ತಾಳೆ;
ಓದಿದ್ದನ್ನು ಯಾವ ಸಮಿತಿ ವಾಪಸು ಪಡೆದೀತು?
ಬಾಜಿ ಕಟ್ಟಿದವರಂತೂ ಅವತ್ತೇ
ನೆಹರೂ ರೋಡಿನಲ್ಲಿ ಉಂಡು, ಕೈತೊಳೆದು, ಮರೆತಿದ್ದರು.

ದುರ್ಗಿಗುಡಿಯ ಮಹಡಿಯ ಮೇಲೆ ವಿಚಾರಣೆ.
ಫ್ಯಾನಿನ ಕೆಳಗೆ ಐದು ಕುರ್ಚಿ,
ಎದುರಿಗೆ ದಾದಾಪೀರ್, ನಿಂತುಕೊಂಡು.
"ಲಾಯದ ಬೀಗ ನಿನ್ನ ಸೊಂಟದಲ್ಲಿ, ಮೇವು ನಿನ್ನ ಕೈಯಲ್ಲಿ.
ಮದ್ದು ಮಾತ್ರ ಯಾರದಪ್ಪ?"
ಪ್ರಶ್ನೆಯಲ್ಲಿ ತಪ್ಪೇನಿಲ್ಲ.
ಕುದುರೆ ಬಾಯಿಬಿಟ್ಟು ಕೇಳಿ ತೆಗೆದುಕೊಳ್ಳುವುದಿಲ್ಲ,
ಅದರ ನೆತ್ತರಿಗೆ ಹೋದದ್ದಕ್ಕೆ ಯಾರೋ ಹೊಣೆಯಾಗಲೇಬೇಕು.
ಇಲ್ಲವಾದರೆ ಬರುವ ವರ್ಷ
ಬಿರುಕುಬಿಟ್ಟ ಮೂಳೆಯನ್ನೂ ಸೂಜಿ ಚುಚ್ಚಿ ಓಡಿಸುತ್ತಾರೆ.
ಓಡಿಸಿದ್ದನ್ನು ನಾನು ಕಂಡಿದ್ದೇನೆ.
ಬಿದ್ದದ್ದನ್ನೂ.

ಅವನು ಹೇಳಿದ್ದು ಇಷ್ಟೆ:
"ಕಾಲು ಊದಿತ್ತು ಸಾಹೇಬ್ರೆ, ತೋರಿಸ್ದೆ.
ಎಂಟು ದಿನ ಬಿಟ್ಟು ಓಡ್ಸು ಅಂದ್ರು.
ನಾನು ಒಂಬತ್ತು ಬಿಟ್ಟೆ."
"ಯಾರು ಅಂದ್ರು?"
ಅವನು ಕಿಟಕಿಯ ಕಡೆ ನೋಡಿದ.

ಕಿಟಕಿಯ ಪಕ್ಕ ಕೂತಿದ್ದವನು ನಾನು.
ಪಶು ಆಸ್ಪತ್ರೆಯ ಕಾಂಪೌಂಡರು, ಇಪ್ಪತ್ತೆರಡು ವರ್ಷದ ಸರ್ವೀಸು,
ತೊಡೆಯ ಮೇಲೆ ಚೀಟಿಪುಸ್ತಕ.
ಹೆಸರು ಅವನು ಹೇಳಲಿಲ್ಲ.
ನಾನೂ.

ನಿಯಮ ಹದಿನೈದು ದಿನ ಅನ್ನುತ್ತದೆ,
ನನ್ನ ಬಾಯಿ ಎಂಟು ಅಂದಿತ್ತು.
ಅವತ್ತು ಹೊಳೆಹೊನ್ನೂರಿನಲ್ಲಿ ಕಾಲುಬಾಯಿ ಲಸಿಕೆ,
ಗೇಟಿನಲ್ಲಿ ಜೀಪು ಹಾರ್ನ್ ಹೊಡೆಯುತ್ತಿತ್ತು,
ಮದ್ದಿನ ಹೆಸರು ಗೀಚಿ ಹರಿದುಕೊಟ್ಟೆ.
ತಾರೀಖು ಬರೆಯಲಿಲ್ಲ.
ತಾರೀಖಿಲ್ಲದ ಚೀಟಿ ಸಾಕ್ಷಿಯಲ್ಲ,
ಕಡಲೆಕಾಯಿ ಕಟ್ಟಿಕೊಡಲು ಸಾಕು.

ಕುಬೇರಪ್ಪನವರಿಗೆ ದಂಡ; ನಿಂತ ಕಾಲಲ್ಲೇ ಎಣಿಸಿಕೊಟ್ಟರು.
ಮೈನಾಳ ಹೆಸರಿನ ಮೇಲೆ ಕೆಂಪು ಗೆರೆ.
ದಾದಾಪೀರ್ ಒಂದು ವರ್ಷ ಯಾವ ಲಾಯಕ್ಕೂ ಕಾಲಿಡುವಂತಿಲ್ಲ.
ಹದಿನಾಲ್ಕನೆಯ ವಯಸ್ಸಿಂದ
ಕುದುರೆಯ ಉಸಿರಿನ ಪಕ್ಕದಲ್ಲೇ ಮಲಗಿದವನು
ಈಗ ಗಾಂಧಿ ಬಜಾರಿನಲ್ಲಿ ಮೂಟೆ ಇಳಿಸುತ್ತಾನೆ.
ಎದುರು ಸಿಕ್ಕರೆ ಸಲಾಂ ಮಾಡುತ್ತಾನೆ.
ಅದೇ ಕಷ್ಟ.

ಕಪ್ ಎರಡನೆಯವರಿಗೆ ಹೋಯಿತು, ಫ್ರಾನ್ಸಿಸ್ ಮೇಷ್ಟರಿಗೆ.
ಅವರು ಅದನ್ನು ಒಳಗೆ ಒಯ್ದಿಲ್ಲ,
ಜಗಲಿಯ ಮೇಲೇ ಇದೆ, ತಳದಲ್ಲಿನ್ನೂ ನಾಲ್ಕು ಹುರುಳಿ.
"ನಮ್ಮದು ಬರಿಗಾಲಲ್ಲಿ ಓಡಿತು, ಮದ್ದಿಲ್ಲದೆ. ಇದು ನಮಗೇ ಸಲ್ಲಬೇಕಾದ್ದು.
ಆದರೆ ಆ ಸಂಜೆಯ ಶಿಳ್ಳೆ
ಅಂಚೆಯಲ್ಲಿ ಬರುತ್ತದೇನ್ರಿ?"

ಇವತ್ತು ಬೆಳಿಗ್ಗೆ ಕಾಗದ ಬರೆದೆ, ಮೂರೇ ಸಾಲು.
ಮೊದಲು ತಾರೀಖು.
ದುರ್ಗಿಗುಡಿಯ ಮೆಟ್ಟಿಲು ಹತ್ತಿದರೆ ಬೀಗ:
ಎರಡನೆಯ ಶನಿವಾರ.
ಸಮಾಧಾನವಾಯಿತು ಅಂದರೆ ನಂಬಿ,
ನಾಚಿಕೆಯೂ ಆಯಿತು.

ಕಾಲು ಲಾಯದ ಕಡೆ ಎಳೆಯಿತು.
ಹೊಸ ಹುಡುಗನಿಗೆ ನಾನು ಯಾರೋ.
ಮೈನಾ ಬಕೆಟ್ಟಿನಿಂದ ಮುಖವೆತ್ತಿ
ನನ್ನ ಅಂಗೈ ಮೂಸಿದಳು, ಕಿವಿ ಹಿಂದಕ್ಕೆ ಮಡಿಸಿ
ಎರಡು ಹೆಜ್ಜೆ ಸರಿದಳು.
ಸೂಜಿ ಹಿಡಿದ ಕೈ
ಅವಳಿಗೆ ನೆನಪಿದೆ.

ಜೇಬಿನಲ್ಲಿ ಕಾಗದ ಬೆವರಿಗೆ ಮೆತ್ತಗಾಗುತ್ತಿದೆ.
ಸೋಮವಾರ ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ.